ಡಿಕಾಕ್ಷನ್ ಕುಡಿದ ರೇಡಿಯೋ

ಗಾಜಿನ ಬಲ್ಬಿನಂಥ ವಾಲ್ವ್‌ಗಳಿರುವ ಹಳೇ ರೇಡಿಯೋ ರಿಪೇರಿಗೆ ಇಳಿದವರ ಕಿವಿಗೆ ಮೊದಲು ಬೀಳುವುದು ಬಿಡಿಭಾಗ ಮಾರುವವರ ಮಾತು, ‘ಸೇಮ್ ಟು ಸೇಮ್ ಒರಿಜಿನಲ್ ಥರಾನೇ ಸಾರ್’. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಾಮಾನಿನ ಪೇಟೆ ಎಸ್‌ಪಿ ರೋಡಿನಲ್ಲೂ ಇದೇ, ಆನ್‌ಲೈನಿನಲ್ಲೂ ಇದೇ. ಒರಿಜಿನಲ್ ಥರ ಇರುವುದು ನಿಜ. ಫೋಟೋದಲ್ಲಿ.

ನಮ್ಮ ಮನೆಯ ಮರ್ಫಿ ರೇಡಿಯೋದ ನಾಬ್‌ಗಳು ಒಡೆದಿದ್ದವು. ಹಳೇ ಮಾದರಿಯಲ್ಲೇ ಹೊಸದಾಗಿ ಮಾಡಿದ್ದನ್ನು ತರಿಸಿದೆ. ಬಣ್ಣ, ಅಂಚಿನ ಗೆರೆ, ನಡುವಿನ ಹಿತ್ತಾಳೆ ಬಿಲ್ಲೆ, ಎಲ್ಲ ಸರಿ. ಕೂರಿಸಲು ಹೋದರೆ ಒಳಗೇ ಹೋಗದು. ನಾಬ್ ಕೂರುವ ರೇಡಿಯೋದ ಕಡ್ಡಿ ಕಾಲು ಇಂಚು ದಪ್ಪ, ಅಂದರೆ 6.35 ಮಿಲಿಮೀಟರ್. ಹೊಸ ನಾಬಿನ ತೂತು 6 ಮಿಲಿಮೀಟರ್. ಬ್ರಿಟಿಷರು ಹೋದರೂ ಅವರ ಇಂಚು ನಮ್ಮ ಮನೆಯ ಹಾಲ್‌ನಲ್ಲೇ ಕೂತಿದೆ! ಮಾರಿದವನಿಗೆ ಫೋನ್ ಮಾಡಿದೆ. ‘ಹೊಸದಲ್ವಾ ಸಾರ್, ಸ್ವಲ್ಪ ಟೈಟ್ ಇರುತ್ತೆ’ ಅಂದ. ಚಪ್ಪಲಿ ಅಂಗಡಿಯವನೂ ಇದನ್ನೇ ಹೇಳುತ್ತಾನೆ. ಗೆಳೆಯನೊಬ್ಬ ಡ್ರಿಲ್ ತಂದು ತೂತು ದೊಡ್ಡದು ಮಾಡಿಕೊಟ್ಟ. ಈಗ ವಾಲ್ಯೂಮ್ ನಾಬ್ ಬಲು ಸಲೀಸಾಗಿ ತಿರುಗುತ್ತದೆ, ವಾಲ್ಯೂಮಿಗೂ ತನಗೂ ಸಂಬಂಧವೇ ಇಲ್ಲ ಎನ್ನುವ ಹಾಗೆ.

ಒಳಗಿನ ಪೇಪರ್ ಕೆಪಾಸಿಟರ್‌ಗಳನ್ನು, ಅಂದರೆ ಕರೆಂಟ್ ಹಿಡಿದಿಡುವ ಕಾಗದ ಸುತ್ತಿದ ಕೊಳವೆಗಳನ್ನು, ಬದಲಾಯಿಸಲೇಬೇಕು. ವರ್ಷಗಟ್ಟಲೆ ತೇವ ಕುಡಿದು ಅವು ಕರೆಂಟ್ ಸೋರಿಸುತ್ತವೆ. ಹಾಗೇ ಬಿಟ್ಟರೆ ಔಟ್‌ಪುಟ್ ವಾಲ್ವೂ ಟ್ರಾನ್ಸ್‌ಫಾರ್ಮರೂ ಸುಟ್ಟುಹೋಗಬಹುದು. ಹೊಸ ಕೆಪಾಸಿಟರ್ ತೀರಾ ಚಿಕ್ಕದು, ನೋಡಿದರೇ ಈ ಕಾಲದ್ದು ಅಂತ ಗೊತ್ತಾಗುತ್ತದೆ. ಅದಕ್ಕೇ ಮಡಿವಂತ ಹವ್ಯಾಸಿಗಳು ಹಳೇ ಕೆಪಾಸಿಟರ್ ಕೊಳವೆಯ ಹೊಟ್ಟೆ ಬಗೆದು, ಹೊಸದನ್ನು ಅದರೊಳಗೆ ಬಚ್ಚಿಟ್ಟು, ತುದಿಗೆ ಮೇಣ ಸುರಿದು ಮುಚ್ಚುತ್ತಾರೆ. ರೇಡಿಯೋ ಹಿಂದೆ ಇಣುಕಿ ನೋಡುವವರಾದರೂ ಯಾರು? ಹಲ್ಲಿ. ನಾನೂ ಹಾಗೇ ಮಾಡಿದೆ. ಹಲ್ಲಿಗೆ ಇನ್ನೂ ಅನುಮಾನ ಬಂದಿಲ್ಲ.

ವಾಲ್ವ್‌ಗಳು ಮಾತ್ರ ಅಸಲಿ, 1960ರ ದಶಕದ ಜಾಲಹಳ್ಳಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಾರ್ಖಾನೆಯ ಮಾಲು. ಸ್ವಿಚ್ ಹಾಕಿದರೆ ಸ್ವಲ್ಪ ಹೊತ್ತು ಯೋಚಿಸಿ, ಕೆಂಪಗಾಗಿ, ಆಮೇಲೆ ಬಾಯಿ ಬಿಡುತ್ತವೆ.

ಕೊನೆಗೆ ಉಳಿದದ್ದು ಸ್ಪೀಕರ್ ಮುಂದಿನ ಬಟ್ಟೆ. ಹೊಸದರ ನೇಯ್ಗೆ ಅದೇ, ಆದರೆ ಎಷ್ಟು ಬೆಳ್ಳಗಿತ್ತೆಂದರೆ ಪಾಲಿಶ್ ಮಾಡಿದ ಪೆಟ್ಟಿಗೆಯೇ ಕೊಳಕಾಗಿ ಕಂಡಿತು. ಟೀಯಲ್ಲಿ ಅದ್ದಿದರೆ ಹಳೇ ಬಣ್ಣ ಬರುತ್ತದಂತೆ. ನಮ್ಮ ಮನೆಯಲ್ಲಿ ಟೀ ಇಲ್ಲ. ಫಿಲ್ಟರಿನಲ್ಲಿ ಬೆಳಗಿನ ಗಟ್ಟಿ ಡಿಕಾಕ್ಷನ್ ಇತ್ತು. ಬಟ್ಟೆ ಅದ್ದಿ ಹಿಂಡುತ್ತಿರುವಾಗ ಅಮ್ಮ ಬಂದರು.

‘ಹೊಸ ಬಟ್ಟೆ ತಂದು ಕೊಳೆ ಮಾಡ್ತಿದ್ದೀಯಲ್ಲೋ! ಸ್ಕೂಲ್ ಯೂನಿಫಾರ್ಮಿಗೂ ಇದೇ ಗತಿ ಮಾಡ್ತಿದ್ದೆ. ಆಗ ಕಾಫಿಪುಡಿಯಾದ್ರೂ ಉಳೀತಿತ್ತು.’

ಈಗ 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಆಕಾಶವಾಣಿ ಚೆನ್ನಾಗಿ ಕೇಳುತ್ತದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಎಲ್ಲ ಆಫ್ ಮಾಡಬೇಕು ಅಷ್ಟೇ, ಇಲ್ಲದಿದ್ದರೆ ಬರೀ ಗರ್ ಅನ್ನುತ್ತದೆ. ಇನ್ನೊಂದು ವಿಷಯ. ವಾಲ್ವ್ ಕಾದ ಹಾಗೆ ಬಟ್ಟೆಯೂ ಬೆಚ್ಚಗಾಗಿ ಹಾಲ್ ತುಂಬ ಕಾಫಿ ಘಮ. ಮೊನ್ನೆ ಬಂದ ನೆಂಟರು ವಾರ್ತೆ ಮುಗಿದರೂ ಏಳಲಿಲ್ಲ. ಆ ಕತ್ತಲಲ್ಲೂ ಅಡುಗೆಮನೆ ಕಡೆಗೇ ನೋಡುತ್ತಾ ಕೂತಿದ್ದರು. ಹಾಲು ತರಲು ಅಮ್ಮ ನನ್ನನ್ನೇ ಅಂಗಡಿಗೆ ಓಡಿಸಿದರು.