ಇಳಿತಕ್ಕೆ ರಜಾ ಚೀಟಿ

ಪ್ರತಿ ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನ ಮೂರ್ನಾಲ್ಕು ದಿನ ಕಾಳಿ ನದಿಯ ಅಳಿವೆಯಲ್ಲಿ ನೀರು ತೀರ ಕೆಳಕ್ಕೆ ಇಳಿಯುತ್ತದೆ. ಉಳಿದ ದಿನಗಳಲ್ಲಿ ನೀರಿನಡಿ ಮುಚ್ಚಿಕೊಂಡಿರುವ ಕೆಸರು ದಿಬ್ಬಗಳು ಆಗ ಗಂಟೆ ಎರಡು ಗಂಟೆ ಬಯಲಾಗುತ್ತವೆ. ಚಿಪ್ಪಿ ಆರಿಸುವ ಹೆಂಗಸರು ಬುಟ್ಟಿ ಹಿಡಿದು ಇಳಿಯುತ್ತಾರೆ. ಅವರ ಹಿಂದೆಯೇ ಪಿವಿಸಿ ಪೈಪಿನ ಚೌಕಟ್ಟು, ಜರಡಿ ಮತ್ತು ವರ್ನಿಯರ್ ಕ್ಯಾಲಿಪರ್ ಹಿಡಿದು ನನ್ನ ತಂಗಿಯ ಮಗಳೂ ಇಳಿಯುತ್ತಾಳೆ. ಅವಳು ಪಿಎಚ್‌ಡಿ ವಿದ್ಯಾರ್ಥಿನಿ. ಒಂದು ಚದರ ಮೀಟರ್ ಕೆಸರಿನಲ್ಲಿ ಎಷ್ಟು ಬಳಚು (ಎರಡು ಚಿಪ್ಪಿನ ಮೃದ್ವಂಗಿ), ಯಾವ ಜಾತಿಯದು, ಎಷ್ಟು ಮಿಲಿಮೀಟರ್ ಬೆಳೆದಿದೆ ಎಂದು ಎಣಿಸಿ, ಅಳೆದು, ಬರೆದುಕೊಳ್ಳುವುದು ಅವಳ ಮೂರು ವರ್ಷಗಳ ಕೆಲಸ. ಸಿಂಪಿಯ ಅಂಚು ತಾಗಿ ಕೊಯ್ದುಕೊಂಡ ಗಾಯಗಳಿಂದಾಗಿ ಅವಳ ಅಂಗೈಯಲ್ಲಿ ಈಗ ಯಾವ ಜ್ಯೋತಿಷಿಯೂ ರೇಖೆ ಓದಲಾರ.

ಹೀಗಿರುವಾಗ ವಿಶ್ವವಿದ್ಯಾಲಯದಿಂದ ಸುತ್ತೋಲೆಯೊಂದು ಬಂತು. ‘ಸಂಶೋಧನಾರ್ಥಿಗಳ ವೃತ್ತಿಪರ ಕೌಶಲ್ಯಾಭಿವೃದ್ಧಿ ಕಾರ್ಯಾಗಾರ’ವು ಮೂರು ದಿನ ಕಾರವಾರದಲ್ಲಿ ನಡೆಯುವುದೆಂದೂ, ಹಾಜರಾತಿ ಕಡ್ಡಾಯವೆಂದೂ, ಪ್ರಮಾಣಪತ್ರವಿಲ್ಲದವರ ಸಿನಾಪ್ಸಿಸ್ (ಪ್ರಬಂಧದ ಸಾರಾಂಶ) ಸ್ವೀಕರಿಸಲಾಗದೆಂದೂ, ನೋಂದಣಿ ಶುಲ್ಕ ಒಂದೂವರೆ ಸಾವಿರ ರೂಪಾಯಿಯನ್ನು ಮುಂಗಡವಾಗಿ ಪಾವತಿಸತಕ್ಕದ್ದೆಂದೂ ಅದರಲ್ಲಿ ಬರೆದಿತ್ತು. ಪಂಚಾಂಗ ನೋಡಿದರೆ ನಡುವಿನ ದಿನವೇ ಅಮಾವಾಸ್ಯೆ. ಸಮಯಪಟ್ಟಿ ನೋಡಿದರೆ ಆ ದಿನ ಸಂಜೆ ನಾಲ್ಕರಿಂದ ಐದೂವರೆಯವರೆಗೆ, ಅಂದರೆ ದಿಬ್ಬಗಳು ಬಯಲಾಗುವ ಹೊತ್ತಿಗೆ ಸರಿಯಾಗಿ, ‘ಸಮಯ ನಿರ್ವಹಣೆ’. “ಮಾವ, ಇದನ್ನ ಮುಂದೆ ಹಾಕಲಿಕ್ಕೆ ಬರುದಿಲ್ವಾ?” ಎಂದು ಅವಳು ಕೇಳಿದಳು. ಕಾರ್ಯಾಗಾರವನ್ನೋ, ಇಳಿತವನ್ನೋ ಎಂದು ನಾನು ಕೇಳಲಿಲ್ಲ. ಎರಡರಲ್ಲಿ ಇಳಿತವನ್ನು ಮುಂದೆ ಹಾಕುವುದೇ ಸುಲಭವೆಂಬುದು ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನಿಗೆ ಗೊತ್ತಿರುತ್ತದೆ.

ಕಾರ್ಯಾಗಾರಕ್ಕೆ ನನಗೂ ಆಮಂತ್ರಣವಿತ್ತು. ಸಭಾಂಗಣಕ್ಕೆ ನನ್ನ ಮನೆ ಹತ್ತಿರವಿದ್ದುದರಿಂದ ನಾನು ‘ಸ್ಥಳೀಯ ಗಣ್ಯ’ನಾಗಿದ್ದೆ, ಮತ್ತು ತರಿಸಿಟ್ಟ ಶಾಲುಗಳಲ್ಲಿ ಒಂದು ಉಳಿದಿತ್ತು. ಹೀಗಾಗಿ ಮುಂದೆ ಹೇಳುವುದೆಲ್ಲ ಮೊದಲ ಸಾಲಿನಲ್ಲಿ ಶಾಲು ಹೊದ್ದು ಕುಳಿತು ಕಂಡದ್ದು.

ಕೌಶಲ್ಯ ಕಲಿಸುವ ವಿಚಾರದಲ್ಲಿ ತಪ್ಪೇನೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 2002ರಲ್ಲಿ ಬ್ರಿಟನ್ನಿನಲ್ಲಿ ಸರ್ ಗ್ಯಾರೆತ್ ರಾಬರ್ಟ್ಸ್ ಅವರು ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ, ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಪ್ರಯೋಗಾಲಯದಾಚೆಯ ಕೌಶಲ್ಯಗಳೂ ಬೇಕು, ಅದಕ್ಕಾಗಿ ವರ್ಷಕ್ಕೆ ಕನಿಷ್ಠ ಎರಡು ವಾರ ತರಬೇತಿ ಇರಬೇಕು ಎಂದರು. ಅಲ್ಲಿಯ ಸರ್ಕಾರ ಮಾತನ್ನು ಒಪ್ಪಿದ್ದಷ್ಟೇ ಅಲ್ಲದೆ ಹಣವನ್ನೂ ಕೊಟ್ಟಿತು. ಆ ಹಣಕ್ಕೆ ವಿಶ್ವವಿದ್ಯಾಲಯಗಳಲ್ಲಿ ‘ರಾಬರ್ಟ್ಸ್ ದುಡ್ಡು’ ಎಂದೇ ಹೆಸರಾಯಿತು. 2010ರಲ್ಲಿ ವಿಟೇ ಎಂಬ ಸಂಸ್ಥೆ ಸಂಶೋಧಕನಾದವನಿಗೆ ಇರಬೇಕಾದ ಗುಣಗಳನ್ನು 4 ವಿಭಾಗ, 12 ಉಪವಿಭಾಗಗಳಲ್ಲಿ ಹಂಚಿ ಒಟ್ಟು 63 ಎಂದು ಎಣಿಸಿತು. ನಮ್ಮ ಅರವತ್ತನಾಲ್ಕು ವಿದ್ಯೆಗಳಿಗೆ ಒಂದು ಕಡಿಮೆ. ಆ ಒಂದನ್ನು ನಮ್ಮವರು ತುಂಬಿಕೊಟ್ಟರು: ಹಾಜರಿ ಪುಸ್ತಕಕ್ಕೆ ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡು ಸಲ ಸಹಿ ಹಾಕುವ ವಿದ್ಯೆ. ರಾಬರ್ಟ್ಸ್ ದುಡ್ಡು ಮಾತ್ರ ಹಡಗು ಹತ್ತಲಿಲ್ಲ. ಇಲ್ಲಿ ಅದನ್ನು ವಿದ್ಯಾರ್ಥಿಗಳೇ ಒಂದೂವರೆ ಸಾವಿರದಂತೆ ತರಬೇಕು.

ನಮ್ಮ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2022ರ ನವೆಂಬರ್ ತಿಂಗಳ ನಿಯಮಾವಳಿಯೂ ಓದಲಿಕ್ಕೆ ಚೆನ್ನಾಗಿಯೇ ಇದೆ. ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಇರಬೇಕು, ಯಾವ ವಿಷಯದವರೇ ಆದರೂ ಬೋಧನೆ ಮತ್ತು ಬರವಣಿಗೆಯಲ್ಲಿ ತರಬೇತಿ ಪಡೆಯಬೇಕು ಎಂದು ಅದು ಹೇಳುತ್ತದೆ. ಅದಕ್ಕಿಂತ ಮೊದಲೇ ಸಂಶೋಧನಾ ನೈತಿಕತೆಯ ಬಗ್ಗೆ 30 ಗಂಟೆಗಳ, 2 ಕ್ರೆಡಿಟ್‌ಗಳ ಪಾಠ ಕಡ್ಡಾಯವಾಗಿತ್ತು. ಇದರಲ್ಲಿ ಯಾರು ಏನು ಹುಳುಕು ಹುಡುಕಬಹುದು? ಆದರೆ ದಿಲ್ಲಿಯಲ್ಲಿ ಬರೆದ ಸಾಲು ಘಟ್ಟ ಇಳಿದು ಕಾರವಾರದ ಕೋಡಿಬಾಗಕ್ಕೆ ಬರುವಷ್ಟರಲ್ಲಿ ಬ್ಯಾನರ್ ಆಗಿರುತ್ತದೆ.

ಉದ್ಘಾಟನೆ ಹತ್ತಕ್ಕೆಂದು ನಿಗದಿಯಾಗಿ ಹನ್ನೊಂದೂಕಾಲಕ್ಕೆ ಆರಂಭವಾಯಿತು. ವೇದಿಕೆಯ ಮೇಲೆ ಒಂಬತ್ತು ಜನರಿದ್ದರು. ಎದುರಿಗೆ ನಲವತ್ತು ವಿದ್ಯಾರ್ಥಿಗಳು. ದೀಪ ಹಚ್ಚಿದರೆ ಕಡಲಗಾಳಿಗೆ ನಂದುತ್ತಿತ್ತು. ಕಿಟಕಿಗಳನ್ನು ಮುಚ್ಚಿಸಿದರು, ಆದರೂ ನಂದಿತು. ಫ್ಯಾನುಗಳನ್ನು ನಿಲ್ಲಿಸಿದ ಮೇಲೆ ಉರಿಯಿತು. ಆ ಸೆಕೆಯಲ್ಲಿ ಒಂಬತ್ತೂ ಜನ ಸಂಕ್ಷಿಪ್ತವಾಗಿ ಮಾತಾಡುವುದಾಗಿ ಹೇಳಿ ಒಂದು ಮುಕ್ಕಾಲು ಗಂಟೆ ಮಾತಾಡಿದರು. ಅದು ಮುಗಿದದ್ದೇ ಆರಂಭವಾದ ಗೋಷ್ಠಿಯ ವಿಷಯ ‘ಸಂಶೋಧನೆಯನ್ನು ಮೂರು ನಿಮಿಷದಲ್ಲಿ ಹೇಳುವ ಕಲೆ’.

ಈ ಮೂರು ನಿಮಿಷದ ಮೂಲವನ್ನು ತರಬೇತುದಾರರು ಹೇಳಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಈ ಸ್ಪರ್ಧೆ ಹುಟ್ಟಿತು. ಆಗ ಅಲ್ಲಿ ಬರಗಾಲ. ನೀರು ಉಳಿಸಲೆಂದು ಜನ ಬಚ್ಚಲುಮನೆಯ ಗೋಡೆಗೆ ಮೂರು ನಿಮಿಷದ ಮರಳು ಗಡಿಯಾರ ಅಂಟಿಸಿಕೊಂಡು, ಮರಳು ಮುಗಿಯುವುದರೊಳಗೆ ಸ್ನಾನ ಮುಗಿಸುತ್ತಿದ್ದರು. ಅದನ್ನು ನೋಡಿದವರೊಬ್ಬರಿಗೆ, ಸ್ನಾನವನ್ನು ಮೂರು ನಿಮಿಷದಲ್ಲಿ ಮುಗಿಸಬಹುದಾದರೆ ಪಿಎಚ್‌ಡಿಯನ್ನೇಕೆ ಹೇಳಿ ಮುಗಿಸಬಾರದು ಎಂದು ಹೊಳೆಯಿತು. 80,000 ಪದಗಳ ಪ್ರಬಂಧವನ್ನು ಓದಿ ಹೇಳಲು 9 ಗಂಟೆ ಬೇಕು, ನಿಮಗೆ ಸಿಗುವುದು 3 ನಿಮಿಷ ಎಂಬುದು ಆ ಸ್ಪರ್ಧೆಯ ಘೋಷಣೆ. ಬರಗಾಲದ ದೇಶಕ್ಕೆ ಇದು ಸರಿಯಾದ ಮಾತು. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ, ಬಚ್ಚಲೊಲೆಗೆ ದೊಡ್ಡ ಕುಂಟೆ ಸೇರಿಸಿ ಹಂಡೆ ಖಾಲಿಯಾಗುವವರೆಗೂ ಮೀಯುವ ಜಿಲ್ಲೆಗೆ ಈ ಗಡಿಯಾರವನ್ನು ಯಾರು ತಂದು ನೇತುಹಾಕಿದರೋ ತಿಳಿಯದು.

ಅದೂ ಎಂಥ ಜಿಲ್ಲೆಗೆ? ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ವಾಲಿ ಕೇಳುವ ಒಂದು ಪ್ರಶ್ನೆಗೆ ರಾಮನ ಅರ್ಥಧಾರಿ ಮುಕ್ಕಾಲು ಗಂಟೆ ಉತ್ತರ ಕೊಡುವ, ವಾಲಿಯ ಅರ್ಥಧಾರಿ ಆ ಉತ್ತರದಿಂದಲೇ ಮತ್ತೆ ನಾಲ್ಕು ಪ್ರಶ್ನೆ ತೆಗೆಯುವ, ಜಗುಲಿಯ ಮೇಲೆ ಕಂಬಳಿ ಹೊದ್ದ ಶ್ರೋತೃಗಳು ಬೆಳಗಿನ ಜಾವದವರೆಗೆ ಎದ್ದು ಹೋಗದೆ ಕೇಳುವ ತಾಳಮದ್ದಳೆಯ ಜಿಲ್ಲೆಗೆ! ಶಿರಸಿ, ಸಿದ್ದಾಪುರ, ಕುಮಟೆ, ಹೊನ್ನಾವರದ ಯಾವ ಊರಿಗೆ ಹೋದರೂ ವಿಷಯ ಮಂಡನೆ, ಎದುರಾಳಿಯ ಮಾತಿನ ಎಳೆ ಹಿಡಿಯುವುದು, ಆಧಾರ ಕೊಡುವುದು, ಸೋತಾಗ ಘನತೆಯಿಂದ ಸೋಲುವುದು, ಇವೆಲ್ಲವನ್ನೂ ಬಲ್ಲ ಒಬ್ಬ ಅಡಿಕೆ ತೋಟದವನೋ ಪ್ರಾಥಮಿಕ ಶಾಲೆಯ ಮಾಸ್ತರನೋ ಸಿಗುತ್ತಾನೆ. ವೈವಾ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆ, ಇದಕ್ಕಿಂತ ಬೇರೆ ಏನು? ಆದರೆ ಅವನ ಹೆಸರು ಸಂಪನ್ಮೂಲ ವ್ಯಕ್ತಿಗಳ ಪಟ್ಟಿಯಲ್ಲಿ ಬರುವುದಿಲ್ಲ, ಏಕೆಂದರೆ ಅವನ ಬಳಿ ಪಿಪಿಟಿ ಇರುವುದಿಲ್ಲ. ಪಿಪಿಟಿ ಇದ್ದವರು ದೂರದ ನಗರದಿಂದ ಬಂದಿದ್ದರು. ಮೊದಲು ವಿಮಾ ಪಾಲಿಸಿ ಮಾರುವವರಿಗೆ ತರಬೇತಿ ಕೊಡುತ್ತಿದ್ದರಂತೆ. ಅವರ ಪ್ರತಿ ಸ್ಲೈಡಿನ ಬಲಮೂಲೆಯಲ್ಲಿ ಬೇರೊಬ್ಬ ತರಬೇತುದಾರರ ಫೋನ್ ನಂಬರು ಮಸುಕಾಗಿ ಕಾಣುತ್ತಿತ್ತು. ಕೃತಿಚೌರ್ಯದ ಬಗೆಗಿನ ಗೋಷ್ಠಿಯಲ್ಲೂ ಅದೇ ನಂಬರು ಕಂಡಿತು. ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲವೆಂದು ಯುಜಿಸಿಯ 2018ರ ನಿಯಮ ಹೇಳುತ್ತದೆ. ಸ್ಲೈಡಿನ ಮೂಲೆಯೊಂದು ಅಷ್ಟರೊಳಗೇ ಬರಬಹುದು.

ಮೂರು ನಿಮಿಷದ ಅಭ್ಯಾಸಕ್ಕೆ ಮೊದಲು ಎದ್ದವನು ಶಿರಸಿ ಕಡೆಯ ಹುಡುಗ. ಸೊಪ್ಪಿನಬೆಟ್ಟದ ಮಣ್ಣು ಅವನ ವಿಷಯ. ಬ್ರಿಟಿಷರ ಕಾಲದಿಂದ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೊಪ್ಪಿನ ಸೌಲಭ್ಯ ಬಂದದ್ದು ಹೇಗೆ ಎಂದು ಅವನು ಆರಂಭಿಸಿ, ಬೆಟ್ಟ ಬೋಳಾದರೆ ತೋಟದ ಮಣ್ಣಿಗೆ ಏನಾಗುತ್ತದೆ ಎನ್ನುವಲ್ಲಿಗೆ ಬರುವಾಗ ಗಂಟೆ ಬಾರಿಸಿತು.

“ಚೆನ್ನಾಗಿತ್ತು, ಆದರೆ ನಿಮ್ಮ ಗ್ರಾಹಕ ಯಾರು?” ಎಂದು ತರಬೇತುದಾರರು ಕೇಳಿದರು.

ಹುಡುಗ ಸ್ವಲ್ಪ ಯೋಚಿಸಿ, “ಅಡಿಕೆ ಮರ, ಸರ್” ಎಂದ.

ನನ್ನ ಸೋದರಸೊಸೆಗೆ ಇನ್ನೂ ಮೇಲಾದ ಸಲಹೆ ಸಿಕ್ಕಿತು. ಅಂಕಿ ಅಂಶಗಳಿಂದ ಕೇಳುಗರ ಮನಸ್ಸು ತಟ್ಟುವುದಿಲ್ಲವಾದ್ದರಿಂದ, ‘ನಾನೊಂದು ಪುಟ್ಟ ಬಳಚು’ ಎಂದು ಕಥೆಯಂತೆ ಆರಂಭಿಸಬೇಕಂತೆ. ಅವಳು ಇಡೀ ಮಧ್ಯಾಹ್ನ ಬಳಚಿನಂತೆಯೇ ಬಾಯಿ ಮುಚ್ಚಿಕೊಂಡಿದ್ದಳು.

ಎರಡನೆಯ ದಿನ ಬೆಳಿಗ್ಗೆ ನಾಯಕತ್ವ. ಐಸ್‌ಕ್ರೀಂ ಕಡ್ಡಿಗಳನ್ನು ಅಂಟಿಸಿ ತಂಡವಾಗಿ ಸೇತುವೆ ಕಟ್ಟುವ ಆಟ. 2024ರ ಆಗಸ್ಟ್ 7ರಂದು ನಡುರಾತ್ರಿ ದಾಟಿದ ಮೇಲೆ ಕುಸಿದುಬಿದ್ದ ಕಾಳಿಯ ಹಳೆಯ ಸೇತುವೆಯಿದ್ದ ಜಾಗ ಅದೇ ಸಭಾಂಗಣದ ಕಿಟಕಿಯಿಂದ ಕಾಣುತ್ತಿತ್ತು. ಆ ಕಡೆ ಮುಖ ಮಾಡಿ ಕುಳಿತಿದ್ದ ತಂಡಕ್ಕೇ ಮೊದಲ ಬಹುಮಾನ ಬಂತು. ಆಮೇಲೆ ವೈಯಕ್ತಿಕ ಹಣಕಾಸು ಯೋಜನೆ. 2023ರ ಜನವರಿಯಿಂದ ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ತಿಂಗಳಿಗೆ 37,000 ರೂಪಾಯಿಯಾಗಿರುವುದು ನಿಜ. ನಲವತ್ತು ಜನರಲ್ಲಿ ಜೆಆರ್‌ಎಫ್ ಇದ್ದವರು ಇಬ್ಬರು, ಉಳಿದವರು ಟ್ಯೂಷನ್ ಹೇಳಿಕೊಂಡು, ತಮ್ಮನ ಸಂಬಳ ನಂಬಿಕೊಂಡು ಓದುವವರು. ಅವರಿಗೆ ಮ್ಯೂಚುವಲ್ ಫಂಡಿನ ಕಂತು ಕಟ್ಟುವ ಕ್ರಮವನ್ನು ವಿವರವಾಗಿ ತಿಳಿಸಲಾಯಿತು.

ನಾಲ್ಕು ಗಂಟೆಗೆ ಸಮಯ ನಿರ್ವಹಣೆ. ತರಬೇತುದಾರರು ಮೇಜಿನ ಮೇಲೆ ಗಾಜಿನ ಭರಣಿಯೊಂದನ್ನಿಟ್ಟು, ಪಕ್ಕದಲ್ಲಿ ದೊಡ್ಡ ಕಲ್ಲು, ಸಣ್ಣ ಕಲ್ಲು ಮತ್ತು ಒಂದು ತಟ್ಟೆ ಮರಳು ಜೋಡಿಸಿದರು. ಮೊದಲು ಮರಳು ತುಂಬಿದರೆ ದೊಡ್ಡ ಕಲ್ಲಿಗೆ ಜಾಗವಿಲ್ಲ, ಮೊದಲು ದೊಡ್ಡ ಕಲ್ಲು ಹಾಕಿದರೆ ಎಲ್ಲಕ್ಕೂ ಜಾಗವಾಗುತ್ತದೆ ಎಂಬ ಪ್ರಸಿದ್ಧ ಪ್ರಯೋಗ. ಅವರು ಮರಳು ಸುರಿಯುತ್ತಿದ್ದಾಗ ನನ್ನ ದೃಷ್ಟಿ ಕಿಟಕಿಯ ಆಚೆ ಹೋಯಿತು. ನೀರು ಹಿಂದೆ ಸರಿದು ಮೊದಲ ದಿಬ್ಬದ ಬೆನ್ನು ಆಗಲೇ ಕಾಣಿಸಿತ್ತು, ಬೆಳ್ಳಕ್ಕಿಗಳು ಬಂದು ಕುಳಿತಿದ್ದವು, ನಾಲ್ಕೈದು ಹೆಂಗಸರು ಸೀರೆ ಎತ್ತಿಕಟ್ಟಿ ಕೆಸರಿಗೆ ಇಳಿಯುತ್ತಿದ್ದರು. ಅವರಲ್ಲೊಬ್ಬಳು ನಿಂತು, ಹಣೆಗೆ ಕೈ ಅಡ್ಡ ಹಿಡಿದು, ನಮ್ಮ ಸಭಾಂಗಣದ ಕಡೆ ನೋಡಿದಳು. ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ತಿರುಗಿ ನೋಡಿದರೆ ಸೊಸೆ ಪಕ್ಕದ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದಳು, ಚಪ್ಪಲಿ ಕೈಯಲ್ಲಿತ್ತು. “ದೊಡ್ಡ ಕಲ್ಲನ್ನು ಮೊದಲು ಹಾಕಬೇಕು!” ಎಂದು ತರಬೇತುದಾರರು ಆ ಹೊತ್ತಿಗೆ ಸರಿಯಾಗಿ ಕೂಗಿದರು. ಉಳಿದ ಮೂವತ್ತೊಂಬತ್ತು ಜನ ಅದನ್ನು ಬರೆದುಕೊಂಡರು.

ಮೂರನೆಯ ದಿನ ಉದ್ಯೋಗ ಸಿದ್ಧತೆ. ಬಯೋಡೇಟಾವನ್ನು ಎಷ್ಟು ಪುಟಕ್ಕೆ ಇಳಿಸಬೇಕು, ಫೋಟೋದಲ್ಲಿ ಎಷ್ಟು ನಗಬೇಕು ಎಂಬುದೆಲ್ಲ ಬಂತು. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್, ಸೆಟ್ ಅಥವಾ ಸ್ಲೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿದ್ದರೆ ಸಾಕು, ಪಿಎಚ್‌ಡಿ ಇದ್ದರೂ ಸರಿ ಇಲ್ಲದಿದ್ದರೂ ಸರಿ ಎಂದು ಯುಜಿಸಿ 2023ರ ಜುಲೈ 1ರಿಂದ ಹೇಳಿರುವ ವಿಚಾರ ಮಾತ್ರ ಬರಲಿಲ್ಲ. ಸೌಜನ್ಯವಿರಬೇಕು, ಮದುವೆಮನೆಯಲ್ಲಿ ಯಾರೂ ಜಾತಕದ ದೋಷ ತೆಗೆಯುವುದಿಲ್ಲ. ಲೇಖನ ಪ್ರಕಟಣೆಯ ಗೋಷ್ಠಿಯಲ್ಲಿ ಯುಜಿಸಿ ಕೇರ್ ಎಂಬ ಮಾನ್ಯ ಸಂಶೋಧನಾ ಪತ್ರಿಕೆಗಳ ಪಟ್ಟಿಯಲ್ಲಿರುವವಕ್ಕೇ ಕಳುಹಿಸಿ ಎಂಬ ಉಪದೇಶವಾಯಿತು. 2018ರಲ್ಲಿ ಆರಂಭವಾದ ಆ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಯುಜಿಸಿಯೇ ಕೈಬಿಟ್ಟಿದೆ ಎಂದು ಹುಡುಗಿಯೊಬ್ಬಳು ಎದ್ದು ಹೇಳಿದಾಗ, ಸ್ಲೈಡು ಹಳೆಯದೆಂದೂ ತತ್ವ ಹಳೆಯದಾಗುವುದಿಲ್ಲವೆಂದೂ ಉತ್ತರ ಬಂತು.

ಐಸ್ ಡಬ್ಬಿಯಲ್ಲಿ ಸ್ಯಾಂಪಲ್ ಇಟ್ಟುಕೊಂಡು ಅರಬೈಲ್ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ನಿಂತೇ ಹೋಗುವುದು, ಸಹಿಗಾಗಿ ಗೈಡಿನ ಕೋಣೆಯೆದುರು ಅರ್ಧ ದಿನ ಕಾಯುವುದು, ಒಂದೇ ಅರ್ಜಿಯನ್ನು ಮೂರು ಟೇಬಲ್ಲಿಗೆ ಮೂರು ಬಗೆಯಲ್ಲಿ ಬರೆಯುವುದು, ಗೈಡಿನ ಮನೆಗೆ ಕೊಡುವ ಅಪ್ಪೆಮಿಡಿ ಉಪ್ಪಿನಕಾಯಿ ರಸ ಸೋರದಂತೆ ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟುವುದು, ಇವು ಯಾವ ಗೋಷ್ಠಿಯಲ್ಲೂ ಇರಲಿಲ್ಲ. ವಿದ್ಯಾರ್ಥಿಗಳಿಗೆ ಇವೆಲ್ಲ ಮೊದಲೇ ಬರುತ್ತವೆ ಎಂದು ತಿಳಿದೇ ಬಿಟ್ಟಿರಬೇಕು.

ಸಮಾರೋಪವಾಗಿ ಹದಿನೈದು ದಿನಗಳ ಮೇಲೆ ಸೊಸೆಗೆ ಪ್ರಮಾಣಪತ್ರದ ಬದಲು ಒಂದು ಪತ್ರ ಬಂತು. ಸಮಯ ನಿರ್ವಹಣೆಯ ಗೋಷ್ಠಿಗೆ ಅವಳು ಗೈರುಹಾಜರಾಗಿರುವುದು ಕಂಡುಬಂದಿದ್ದು, ಕಾರಣವನ್ನು ಏಳು ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು. ಅವಳು ‘ಆ ದಿನ ಇಳಿತವಿತ್ತು’ ಎಂದು ಒಂದೇ ಸಾಲು ಬರೆದಳು. ಮೂರು ದಿನಗಳ ತರಬೇತಿಯಲ್ಲಿ ಸಂಕ್ಷಿಪ್ತತೆಯೊಂದು ಅವಳಿಗೆ ಹತ್ತಿತ್ತು. ಅದಕ್ಕೆ ಮರು ಉತ್ತರವಾಗಿ, ಸದರಿ ಇಳಿತವು ಸದರಿ ದಿನದಂದೇ ಸಂಭವಿಸಿರುವ ಬಗ್ಗೆ ಸಂಬಂಧಪಟ್ಟ ಪ್ರಾಧಿಕಾರದ ದೃಢೀಕರಣ ಪತ್ರವನ್ನು ಲಗತ್ತಿಸುವಂತೆಯೂ, ತಪ್ಪಿದಲ್ಲಿ ಮುಂದಿನ ವರ್ಷ ಶುಲ್ಕ ಸಹಿತ ಪುನಃ ಹಾಜರಾಗುವಂತೆಯೂ ಸೂಚನೆ ಬಂತು.

ಉಬ್ಬರವಿಳಿತದ ಕೋಷ್ಟಕವನ್ನು ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಅಚ್ಚು ಹಾಕುತ್ತದೆ. ಅವಳು ಅದರ ಪುಟವನ್ನು ಜೆರಾಕ್ಸ್ ಮಾಡಿಸಿ, ಜೊತೆಗೆ ನಮ್ಮ ಮನೆಯ ಪಂಚಾಂಗದ ಹಾಳೆಯಲ್ಲಿ ಅಮಾವಾಸ್ಯೆಗೆ ಕೆಂಪು ಶಾಯಿಯ ಸುತ್ತು ಹಾಕಿ, ಎರಡನ್ನೂ ಪತ್ರಾಂಕಿತ ಅಧಿಕಾರಿಯೊಬ್ಬರಿಂದ ದೃಢೀಕರಿಸಿಕೊಂಡು ಬಂದಳು. ಅಧಿಕಾರಿ ಪಂಚಾಂಗದ ಮೇಲೆ ಮೊಹರು ಒತ್ತಿ, ಮೂಲ ಪ್ರತಿಯನ್ನು ನೋಡಲಾಗಿದೆ ಎಂದು ಬರೆದು, ಮೂಲ ಪ್ರತಿ ಎಲ್ಲಿದೆ ಎಂದು ಕೇಳಿದರಂತೆ. ಅವಳು ಕಿಟಕಿಯ ಹೊರಗೆ ಕೈ ತೋರಿಸಿದಳು. ಆಗ ಭರತದ ಹೊತ್ತು, ದಿಬ್ಬಗಳೆಲ್ಲ ಮುಳುಗಿದ್ದವು.