ಟೋಲ್ ರೋಡ್ ಬಿಡಿ, ಹಳ್ಳಿ ದಾರಿ ಹಿಡೀರಿ

ಫ್ರಾನ್ಸ್ ನೋಡೋಕೆ ಅಂತ ಪ್ಯಾರಿಸ್‌ನಿಂದ ದಕ್ಷಿಣದ ಕರಾವಳಿಯ ನೀಸ್‌ವರೆಗೆ ಒಂದೇ ವಾರದಲ್ಲಿ ಕಾರಲ್ಲಿ ಸುತ್ತೋ ಪ್ಲ್ಯಾನ್ ಕೊಟ್ಟಿದೀರಲ್ಲ ಸಾರ್, ಅದ್ರಲ್ಲಿ ಅರ್ಧ ಟೈಮು ಹೈವೇಲೇ ಕಳೆದೋಗುತ್ತೆ. ನಿಧಾನಕ್ಕೆ ನೋಡ್ಬೇಕು ಅನ್ನೋರು ಫ್ರಾನ್ಸಿನ ನೈಋತ್ಯದ ಡೋರ್ಡೋನ್ ಕಡೆ ಹೋಗಿ ಸಾರ್ಲಾ ಅನ್ನೋ ಊರಲ್ಲೇ ರೂಮ್ ಮಾಡ್ಕೊಂಡು ದಿನಾ ಒಂದೊಂದು ದಿಕ್ಕಿಗೆ ಹೋಗಿಬನ್ನಿ, ಬೇನಾಕ್ ಕೋಟೆ, ಬಂಡೆಗೆ ಅಂಟ್ಕೊಂಡಿರೋ ಲಾ ರೋಕ್ ಗಜಾಕ್ ಹಳ್ಳಿ, ಆದಿಮಾನವರ ಚಿತ್ರಗಳಿರೋ ಲಾಸ್ಕೋ ಗುಹೆ ಎಲ್ಲಾ ಸುತ್ತಮುತ್ತಾನೇ (ಒರಿಜಿನಲ್ ಗುಹೆ 1963ರಲ್ಲೇ ಜನರಿಗೆ ಬಂದ್ ಆಯ್ತು, ಈಗ ತೋರ್ಸೋದು ಅದರ ನಕಲು, ಆದ್ರೂ ನೋಡ್ಲೇಬೇಕು). ಸಾರ್ಲಾ ಸಂತೆ ಬುಧವಾರ, ಶನಿವಾರ. ಬೆಳಿಗ್ಗೇನೇ ಹೋಗಿ ವಾಲ್‌ನಟ್, ಮೇಕೆ ಹಾಲಿನ ಚೀಸು, ಬ್ರೆಡ್ಡು ಕಟ್ಟಿಸ್ಕೊಳ್ಳಿ, ಯಾಕಂದ್ರೆ ನಮ್ಮಂಥ ಸಸ್ಯಾಹಾರಿಗಳಿಗೆ ಅಲ್ಲಿನ ಮೆನು ಕಷ್ಟ, ಎಲ್ಲಿ ನೋಡಿದ್ರೂ ಬಾತುಕೋಳಿ, ಅದೂ ಅಲ್ದೆ ಮಧ್ಯಾಹ್ನ 2 ಗಂಟೆ ದಾಟಿದ್ರೆ ಹಳ್ಳಿ ಕಡೆ ಊಟ ಸಿಗೋದು ಡೌಟು. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ನಂಬ್ಕೋಬೇಡಿ.

ಇನ್ನು ಡ್ರೈವಿಂಗು. ಹಳ್ಳಿ ರೋಡಲ್ಲಿ ಹೆಚ್ಚಾಗಿ ಗಂಟೆಗೆ 80 ಕಿ.ಮೀ. ಸ್ಪೀಡ್ ಲಿಮಿಟ್. ಬೋರ್ಡ್ ಇಲ್ದಿರೋ ಕ್ರಾಸಲ್ಲಿ ಬಲಗಡೆಯಿಂದ ಬರೋನಿಗೆ ದಾರಿ ಬಿಡ್ಬೇಕು, ಅವನು ಸಣ್ಣ ಗಲ್ಲಿಯಿಂದ ನುಗ್ಗಿದ್ರೂ ಸರಿ, ನಮ್ಮೋರಿಗೆ ಇದು ತಲೆಗೆ ಹತ್ತೋದೇ ಇಲ್ಲ! ಬಾಡಿಗೆಗೆ ಆಟೋಮ್ಯಾಟಿಕ್ ಕಾರು ಬೇಕಿದ್ರೆ ಮೊದ್ಲೇ ಬುಕ್ ಮಾಡಿ. ಆಗಸ್ಟ್ ಮಾತ್ರ ಬೇಡ, ಇಡೀ ಫ್ರಾನ್ಸೇ ರಜೆಗೆ ಅಂತ ರೋಡಿಗೆ ಇಳಿದಿರುತ್ತೆ.