ಮದುವೆ ಮನೆಯಲ್ಲಿ ಪ್ಲಾಂಟರ್, ಸೊಸೈಟಿಯಲ್ಲಿ ರೈತ

ಕಳೆದ ತಿಂಗಳು ವಿರಾಜಪೇಟೆಯ ಮದುವೆಯೊಂದರಲ್ಲಿ ಚಿಕ್ಕಪ್ಪ ನನ್ನನ್ನು ಬೆಂಗಳೂರಿನ ನೆಂಟರಿಗೆ ತೋರಿಸಿ, "ಇವ ನಮ್ಮ ಅಣ್ಣನ ಮಗ, ಪ್ಲಾಂಟರ್" ಎಂದರು. ಅದಕ್ಕೆ ಎರಡು ದಿನ ಮೊದಲಷ್ಟೇ ಸೊಸೈಟಿಯಲ್ಲಿ ಶೂನ್ಯ ಬಡ್ಡಿಯ ಬೆಳೆ ಸಾಲಕ್ಕೆ ಅರ್ಜಿ ಹಾಕುವಾಗ, ಉದ್ಯೋಗ ಎಂಬಲ್ಲಿ ನಾನೇ "ರೈತ" ಎಂದು ಬರೆದು ಬಂದಿದ್ದೆ. ನಮಗಿರುವುದು ಆರು ಎಕರೆ ಕಾಫಿ, ಮುಕ್ಕಾಲು ಎಕರೆ ಗದ್ದೆ.

ಕೊಡಗಿನಲ್ಲಿ ಗದ್ದೆಗಿಳಿದವನು ರೈತ, ಕಾಫಿ ಬೆಳೆದವನು ಬೆಳೆಗಾರ, ಬೆಳೆಗಾರನಿಗೆ ಜೀಪೂ ಕ್ಲಬ್ಬಿನ ಸದಸ್ಯತ್ವವೂ ಇದ್ದರೆ ಅವನು ಪ್ಲಾಂಟರ್. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚಿನವು 10 ಹೆಕ್ಟೇರಿಗಿಂತ ಚಿಕ್ಕವೆಂಬುದು ಗೊತ್ತಿದ್ದರೂ, ಮೂರನೆಯ ಹೆಸರಿನ ಮೇಲಿನ ಆಸೆ ನಮಗೆ ಹೋಗಿಲ್ಲ.

ಈ ಇಬ್ಬಂದಿತನವನ್ನು ಕಾನೂನೂ ಪೋಷಿಸಿದೆ. 1961ರ ಭೂಸುಧಾರಣಾ ಕಾಯ್ದೆಯ 104ನೇ ಕಲಮು ಪ್ಲಾಂಟೇಶನ್‌ಗಳನ್ನು ಜಮೀನು ಹೊಂದುವ ಗರಿಷ್ಠ ಮಿತಿಯಿಂದ ಹೊರಗಿಟ್ಟಾಗ, ತೋಟವೇ ಬೇರೆ, ಹೊಲವೇ ಬೇರೆ ಎಂಬ ಮಾತು ನಮಗೆ ಹಿತವಾಗಿಯೇ ಇತ್ತು. ಸಾಲ ವಸೂಲಿಗಾಗಿ ಬ್ಯಾಂಕುಗಳು ಅಡವಿಟ್ಟ ಆಸ್ತಿಯನ್ನು ಹರಾಜು ಹಾಕಲು ಬಿಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಕೊಟ್ಟ ರಕ್ಷಣೆ ಕಾಫಿ ತೋಟಕ್ಕೆ ಅನ್ವಯಿಸದೆಂದು ಬ್ಯಾಂಕುಗಳು ಹರಾಜಿನ ನೋಟಿಸು ಕಳಿಸತೊಡಗಿದಾಗ ಮಾತ್ರ, ನಾವೂ ಮಣ್ಣಿನ ಮಕ್ಕಳೇ ಎಂದು ನೆನಪು ಮಾಡಿಕೊಂಡೆವು. ಕಾಫಿ ಮಂಡಳಿ ಇರುವುದಂತೂ ಕೃಷಿ ಸಚಿವಾಲಯದ ಅಡಿಯಲ್ಲಲ್ಲ, ವಾಣಿಜ್ಯ ಸಚಿವಾಲಯದ ಅಡಿಯಲ್ಲಿ. ಅನುಕೂಲಕ್ಕೆ ತಕ್ಕಂತೆ ಹೆಸರು ಬದಲಿಸುವವರ ಸಂಕಟವನ್ನು ಊರಿನವರು ಪೂರ್ತಿ ನಂಬದಿದ್ದರೆ ಅದರಲ್ಲಿ ಅವರ ತಪ್ಪೇನೂ ನನಗೆ ಕಾಣುವುದಿಲ್ಲ.

ಬೆಲೆಯೂ ನಮ್ಮ ಮುಖಭಾವವನ್ನು ನಿರ್ಧರಿಸುತ್ತದೆ. ಸಿಪ್ಪೆ ಸಮೇತ ಒಣಗಿಸಿದ ರೋಬಸ್ಟಾ ಕಾಫಿಯ, ಅಂದರೆ ಚೆರ್ರಿಯ, 50 ಕೆ.ಜಿ. ಚೀಲಕ್ಕೆ 3,500 ರೂಪಾಯಿಯ ಆಸುಪಾಸು ಸಿಗುತ್ತಿದ್ದ ವರ್ಷಗಳಲ್ಲಿ, ತೋಟ ಮಾರಿ ಮೈಸೂರಿನಲ್ಲಿ ಸೈಟು ಕೊಳ್ಳುವುದೇ ಜಾಣತನ ಎನ್ನುತ್ತಿದ್ದವರು, 2024ರಲ್ಲಿ ಅದೇ ಚೀಲ 10,000 ದಾಟಿದಾಗ ಮಗನಿಗೆ ಕೆಲಸ ಬಿಟ್ಟು ಬಾ ಎಂದು ಫೋನು ಮಾಡಿದರು. ವಿಯೆಟ್ನಾಮಿನಲ್ಲಿ ಬರ ಬಿದ್ದು ಫಸಲು ಕಡಿಮೆಯಾದದ್ದು ನಮ್ಮ ಮರ್ಯಾದೆ ಏರಲು ಒಂದು ಕಾರಣ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಕಪಾತು ಮಾಡುವವರು, ಚಿಗುರು ತೆಗೆಯುವವರು, ಹಣ್ಣು ಕುಯ್ಯುವವರು, ಆನೆ ಓಡಾಡುವ ದಾರಿಯಲ್ಲಿ ಬೆಳಗಿನ ಮಂಜಿನಲ್ಲೇ ಕೆಲಸಕ್ಕೆ ಬರುವವರು ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿರುವ ಯರವ ಬುಡಕಟ್ಟಿನವರು ಮತ್ತು ಅಸ್ಸಾಮಿನಿಂದ ಬಂದ ಕುಟುಂಬಗಳು. ರೈತನಿಗೆ ಗೌರವ ಸಿಗಬೇಕೆಂದು ನಾವು ಕೇಳುವಾಗ, ಆ ಪದದೊಳಗೆ ಇವರು ಎಂದೂ ಇರುವುದಿಲ್ಲ. ನಾನೂ ಅವರನ್ನು "ಆಳುಗಳು" ಎಂದೇ ಕರೆಯುತ್ತ ಬಂದಿದ್ದೇನೆ.

ಅಪ್ಪ ಇರುವವರೆಗೆ ನಮ್ಮ ಗದ್ದೆಯಲ್ಲಿ ನಾಟಿ ತಪ್ಪಿರಲಿಲ್ಲ. ಆಳಿನ ಕೂಲಿಯನ್ನೂ ಆನೆಯನ್ನೂ ನೆಪ ಮಾಡಿಕೊಂಡು ನಾನು ಅದನ್ನು ನಾಲ್ಕು ವರ್ಷದಿಂದ ಪಾಳು ಬಿಟ್ಟಿದ್ದೇನೆ. ಲೆಕ್ಕ ಹಾಕಿದರೆ ಭತ್ತದಲ್ಲಿ ನಷ್ಟವೇ ಎಂಬುದೂ ನಿಜ. ಕಳೆದ ಸಲ ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ ಕದಿರು ತೆಗೆಯಲು ಪಕ್ಕದ ಮನೆಯವರ ಗದ್ದೆಗೆ ಹೋದೆವು. ಅಲ್ಲಿ "ಪೊಲಿ ಪೊಲಿ ದೇವಾ" ಎಂದು ಕೂಗುವಾಗ, ಆ ಗದ್ದೆ ಉತ್ತವರ ದನಿಗಿಂತ ನಮ್ಮ ದನಿಯೇ ಜೋರಾಗಿತ್ತು.